ಓವರ್‌ಕ್ಲಾಕ್ ಪರೀಕ್ಷೆಯನ್ನು ಏಪ್ರಿಲ್ ಮಧ್ಯಾಹ್ನವೇ ಮಾಡಿ

ಹೊಸ ಡೆಸ್ಕ್‌ಟಾಪ್ ಜೋಡಿಸುತ್ತಿರುವ ಕೋಲಾರದ ಗೆಳೆಯರು ಪ್ರೊಸೆಸರ್‌ನ ವೇಗವನ್ನು ನಿಗದಿತ ಮಟ್ಟಕ್ಕಿಂತ ಹೆಚ್ಚಿಸುವ, ಅಂದರೆ ಓವರ್‌ಕ್ಲಾಕ್ ಮಾಡುವ ಮೊದಲು ರ‍್ಯಾಮ್ ತನ್ನ ಪೂರ್ಣ ವೇಗದಲ್ಲಿ ಓಡುತ್ತಿದೆಯೇ ಎಂದು ನೋಡಿಕೊಳ್ಳಬೇಕೆಂದು ಕೋರುತ್ತೇನೆ. ಪೊಟ್ಟಣದ ಮೇಲೆ ವೇಗ 6000 ಎಂದು ಬರೆದಿರುವ ಡಿಡಿಆರ್5 ರ‍್ಯಾಮ್ ಕೂಡ, ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಸಿದ್ಧ ವೇಗದ ಪ್ರೊಫೈಲ್ ಆನ್ ಮಾಡುವವರೆಗೆ, ಸಾಮಾನ್ಯವಾಗಿ 4800ರ ಆಸುಪಾಸಿನಲ್ಲೇ ಉಳಿಯುತ್ತದೆ.

ಪ್ರೊಸೆಸರ್‌ಗೆ ನಮ್ಮ ಬೇಸಿಗೆಯೇ ನಿಜವಾದ ಪರೀಕ್ಷೆ. ಕೂಲರ್ ಎಷ್ಟೇ ದುಬಾರಿಯದಾದರೂ ಅದು ಶಾಖವನ್ನು ಬಿಡುವುದು ಕೋಣೆಯ ಗಾಳಿಗೇ ಆದ್ದರಿಂದ, ಡಿಸೆಂಬರ್ ರಾತ್ರಿ 20 ಡಿಗ್ರಿಯ ಕೋಣೆಯಲ್ಲಿ 80 ಡಿಗ್ರಿ ತೋರಿಸಿದ ಚಿಪ್, 35 ಡಿಗ್ರಿಯ ಏಪ್ರಿಲ್ ಮಧ್ಯಾಹ್ನ ಅದೇ ಕೆಲಸಕ್ಕೆ 95ರ ಹತ್ತಿರ ಹೋಗುತ್ತದೆ. ಎಎಮ್‌ಡಿಯ ರೈಜೆನ್ 7000 ಸರಣಿಯ ಹಲವು ಡೆಸ್ಕ್‌ಟಾಪ್ ಚಿಪ್‌ಗಳಿಗೆ 95 ಡಿಗ್ರಿಯೇ ಗರಿಷ್ಠ ಮಿತಿ, ಅಲ್ಲಿಗೆ ತಲುಪಿದರೆ ಅವು ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ, ಅಂದರೆ ಓವರ್‌ಕ್ಲಾಕ್ ಮಾಡಿದ ಶ್ರಮ ವ್ಯರ್ಥ. ಹೀಗಾಗಿ ಸ್ಟ್ರೆಸ್ ಟೆಸ್ಟ್ (ಚಿಪ್‌ಗೆ ಪೂರ್ಣ ಹೊರೆ ಕೊಟ್ಟು ನೋಡುವ ಪರೀಕ್ಷೆ) ಅನ್ನು ಮಧ್ಯಾಹ್ನ 2 ಗಂಟೆಯ ಸುಮಾರಿಗೆ, ಕ್ಯಾಬಿನೆಟ್‌ನ ಬಾಗಿಲು ಮುಚ್ಚಿ, ಕನಿಷ್ಠ ಒಂದು ಗಂಟೆ ನಡೆಸಿ. ವೋಲ್ಟೇಜ್ ಏರಿಸುವುದಕ್ಕಿಂತ ಬಯಾಸ್‌ನಲ್ಲಿ ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್ ಸೌಲಭ್ಯದಿಂದ ಹಂತಹಂತವಾಗಿ ಇಳಿಸುವುದೇ ನಮ್ಮ ಸೀಮೆಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಮುಂಭಾಗದ ಧೂಳಿನ ಜಾಲರಿಯನ್ನು, ವಿಶೇಷವಾಗಿ ಮನೆ ಮಣ್ಣಿನ ರಸ್ತೆಯ ಪಕ್ಕದಲ್ಲಿದ್ದರೆ, ತಿಂಗಳಿಗೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ.