ನೆಕ್ಕಿ ಸೊಪ್ಪು ಮತ್ತು ಇಲಿಯ ಗಿಣ್ಣಿನ ಗೆರೆ

ಕಾಸರಗೋಡಿನ ಬದಿಯಡ್ಕ ಕಡೆಯ ತೋಟದ ಮನೆಗಳಲ್ಲಿ ಕಾಲು ಉಳುಕಿ ಬಾತುಕೊಂಡರೆ ಮೊದಲು ಹುಡುಕುವುದು ನೆಕ್ಕಿ ಗಿಡವನ್ನು. ಲಕ್ಕಿ ಅಂತಲೂ ಹೇಳ್ತಾರೆ. ಎಲೆ ಬಾಡಿಸಿ ಬಿಸಿ ಇರುವಾಗಲೇ ಕಟ್ಟುವುದು. ಔಷಧಶಾಸ್ತ್ರದ ಎಂ.ಫಾರ್ಮ್ ಪ್ರಾಜೆಕ್ಟಿಗೆ ನಾನು ಇದನ್ನೇ ಆರಿಸಿ, ಬಾವು ಇಳಿಸುತ್ತದೋ ಅಂತ ಇಲಿಗಳ ಮೇಲೆ ನೋಡಲು ಹೊರಟಾಗ ಅತ್ತೆ ಕೇಳಿದರು, "ಕಟ್ಟಿದರೆ ಇಳೀತದೆ ಅಂತ ಊರಿಗೇ ಗೊತ್ತು. ಇದಕ್ಕೆ ಇಲಿ ಯಾಕೆ ಮಾರಾಯ್ತಿ?" ಸಣ್ಣ ಉಳುಕು ಹೇಗೂ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ, ಅಲ್ವಾ? ಇಳಿಸಿದ್ದು ಎಲೆಯೋ, ದಿನ ಕಳೆದದ್ದೋ ಅಂತ ತಿಳಿಯಬೇಕಾದರೆ ಎಲೆ ಸಿಗದ ಇನ್ನೊಂದು ಗುಂಪು ಬೇಕು.

ಆಟಿ ತಿಂಗಳ ಜಡಿಮಳೆಯಲ್ಲಿ ಸೊಪ್ಪಿಗೆ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಮಳೆ ಕಳೆದ ಮೇಲೆ ಕೊಯ್ದೆ. ಅಂಗಳದ ಬಿಸಿಲೆಲ್ಲ ಅಡಿಕೆಗೆ, ನನ್ನ ಸೊಪ್ಪಿಗೆ ಚಾವಡಿಯ ನೆರಳು. ಬೇಕಾದದ್ದೂ ಅದೇ. ಬಿಸಿಲಿಗೆ ಹಾಕಿದರೆ ಪರಿಮಳದ ಎಣ್ಣೆ ಹಾರಿಹೋಗುತ್ತದೆ. ಗಿಡ ಇದೇ ಅಂತ ಸಸ್ಯಶಾಸ್ತ್ರದವರಿಂದ ಬರೆಸಿಕೊಂಡು, ಪ್ರಾಣಿ ಪ್ರಯೋಗದ ಸಮಿತಿಯ ಒಪ್ಪಿಗೆ ಪಡೆದು, ಒಣಗಿದ ಸೊಪ್ಪಿನ ಪುಡಿಯನ್ನು ಆಲ್ಕೋಹಾಲಿನಲ್ಲಿ ಸಾಕ್ಸ್‌ಲೆಟ್‌ಗೆ, ಅಂದರೆ ಸಾರ ಇಳಿಸುವ ಗಾಜಿನ ಉಪಕರಣಕ್ಕೆ, ಹಾಕಿದೆ. ಆಲ್ಕೋಹಾಲ್ ಆರಿದ ಮೇಲೆ ಉಳಿದದ್ದು ಕಡು ಹಸಿರು ಅಂಟು.

ಬಾವು ಬರಿಸಲು ಬಳಸುವುದು ಕ್ಯಾರಜೀನನ್. ಕೆಂಪು ಕಡಲಕಳೆಯಿಂದ ತೆಗೆದದ್ದು, ಐಸ್‌ಕ್ರೀಮಿಗೂ ಹಾಕ್ತಾರೆ! ತಿನ್ನುವುದು ಬೇರೆ, ಚುಚ್ಚುವುದು ಬೇರೆ. ಒಂದು ಗುಂಪಿಗೆ ಮದ್ದಿಲ್ಲದ ಬರೀ ದ್ರಾವಣ, ಒಂದಕ್ಕೆ ಬಾವು ಇಳಿಸುವ ಮದ್ದು ಇಂಡೊಮೆಥಾಸಿನ್ ಕೆ.ಜಿ. ತೂಕಕ್ಕೆ 10 ಮಿ.ಗ್ರಾಂ., ಉಳಿದವಕ್ಕೆ ನೆಕ್ಕಿಯ ಸಾರ. ಗಂಟೆ ಕಳೆದು ಬಲ ಹಿಂಗಾಲಿನ ಪಾದದಡಿಗೆ ಶೇ 1ರ ಕ್ಯಾರಜೀನನ್ 0.1 ಮಿ.ಲೀ.

ಅಳತೆಯದ್ದೇ ದೊಡ್ಡ ಕೆಲಸ. ಪ್ಲೆತಿಸ್ಮೋಮೀಟರಿನ ಕೊಳವೆಗೆ ಪಾದ ಅದ್ದಿದರೆ ಎಷ್ಟು ನೀರು ಮೇಲೇರುತ್ತದೋ ಅಷ್ಟು ಪಾದದ ಗಾತ್ರ. ಇಲಿ ಸುಮ್ನೆ ಇರುವುದಿಲ್ಲ, ಕಾಲು ಎಳೆದುಕೊಳ್ಳುತ್ತದೆ. ಕೂದಲೆಳೆಯಷ್ಟು ಜಾಸ್ತಿ ಮುಳುಗಿದರೂ ಇಲ್ಲದ ಬಾವು ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಕಾಲಿನ ಗಿಣ್ಣಿನ ಮೇಲೆ ಮಾರ್ಕರ್ ಪೆನ್ನಿನ ಗೆರೆ, ಪ್ರತಿ ಸಲ ಅಲ್ಲಿವರೆಗೆ ಮಾತ್ರ ಅದ್ದುವುದು. ಒದ್ದೆ ರೋಮದಲ್ಲಿ ಗೆರೆ ಮಾಸುತ್ತದೆ. ಪೂರ್ತಿ ಅಳಿಯುವ ಮೊದಲೇ ಒರೆಸಿ ಅದರ ಮೇಲೆಯೇ ತಿದ್ದಬೇಕು. ಕಾಲಿಗಂಟಿ ನೀರೂ ಹೋಗುತ್ತದೆ, ಪ್ರತಿ ಇಲಿಗೆ ಮೊದಲು ಮಟ್ಟ ಸರಿಮಾಡಬೇಕು. ಅಳೆಯುವ ನನಗೆ ಯಾವ ಇಲಿ ಯಾವ ಗುಂಪಿನದು ಅಂತ ಗೊತ್ತಿರಲಿಲ್ಲ. ಬಾಲದ ಗುರುತು ನೋಡಿ ಗೆಳತಿ ಬರೆದುಕೊಳ್ಳುತ್ತಿದ್ದಳು. ಗೊತ್ತಿದ್ದರೆ ಕಣ್ಣು ನಮಗೆ ಬೇಕಾದ ಕಡೆ ವಾಲುತ್ತದೆ.

ಮೊದಲ ಗಂಟೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆಗಿನ ಬಾವಿಗೆ ಮುಖ್ಯವಾಗಿ ದೇಹವೇ ಬಿಡುವ ಹಿಸ್ಟಮಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳು ಕಾರಣ. ಮೂರನೇ ಗಂಟೆಯ ಹೊತ್ತಿಗೆ ಬಾವು ಬರಿಸುವ ಇನ್ನೊಂದು ಬಗೆಯ ರಾಸಾಯನಿಕಗಳು, ಪ್ರೊಸ್ಟಗ್ಲಾಂಡಿನ್‌ಗಳ ಸರದಿ. ಆಸ್ಪಿರಿನ್ ಇವು ಹುಟ್ಟದಂತೆ ತಡೆಯುತ್ತದೆ ಅಂತ ಬ್ರಿಟಿಷ್ ಔಷಧವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಇಂಡೊಮೆಥಾಸಿನ್ ಕೆಲಸವೂ ಅದೇ. ನೆಕ್ಕಿ ಕೊಟ್ಟ ಇಲಿಗಳ ಬಾವು ಕಡಿಮೆ ಕಂಡದ್ದು ಈ ಹೊತ್ತಿನಲ್ಲಿ. ಇಂಡೊಮೆಥಾಸಿನ್‌ನಷ್ಟು ಅಲ್ಲ. ನೆಕ್ಕಿಯಲ್ಲಿ ಕ್ಯಾಸ್ಟಿಸಿನ್‌ನಂಥ ಫ್ಲೇವನಾಯ್ಡ್‌ಗಳು, ಅಂದರೆ ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕಗಳು, ಇವೆ. ಆದರೆ ಇಡೀ ಸಾರ ಕೊಟ್ಟು, ಇದು ಕ್ಯಾಸ್ಟಿಸಿನ್ ಕೆಲಸ ಅಂತ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಬೇರ್ಪಡಿಸಿ ಒಂದೊಂದನ್ನೇ ಕೊಟ್ಟು ನೋಡಿದ ಮೇಲಿನ ಮಾತು ಅದು.

ಇನ್ನೊಂದು, ನಾನು ಕೊಟ್ಟದ್ದು ಬಾಯಿಗೆ. ಆ ಫಲವನ್ನು ಚರ್ಮದ ಮೇಲೆ ಕಟ್ಟುವ ಎಲೆಯ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಮಾಡಬೇಕು. ಬಿಸಿಯ ಪಾಲೆಷ್ಟು ಅಂತ ತಿಳಿಯಲು ಇನ್ನೊಂದು ಗುಂಪಿಗೆ ಬೇರೆ ಯಾವುದಾದರೂ ಎಲೆ, ಹಲಸಿನದೇ ಇರಲಿ, ಅಷ್ಟೇ ಬಿಸಿ ಮಾಡಿ ಕಟ್ಟಿ ನೋಡಬೇಕು.