ಡೀಮನ್ಸ್ ಸೋಲ್ಸ್ ರೀಮೇಕ್: ಶುರುವಿನ ಗಂಟೆಗಳನ್ನು ದಾಟುವುದು ಹೇಗೆ

ಪಿಎಸ್5ರ ಡೀಮನ್ಸ್ ಸೋಲ್ಸ್ ನೋಡೋಕೆ ಮಾತ್ರ ಹೊಸದು. ಒಳಗಿರುವುದು 2009ರ ಗೇಮೇ. ಬ್ಲೂಪಾಯಿಂಟ್ ಸ್ಟುಡಿಯೋದವರು 2020ರಲ್ಲಿ ಕಲ್ಲು, ಬೆಂಕಿ, ಮಂಜು, ಸದ್ದು ಎಲ್ಲವನ್ನೂ ಹೊಸದಾಗಿ ಮಾಡಿದರು. ಆದರೆ ಯಾವ ಮೂಲೆಯಲ್ಲಿ ಯಾರು ಕಾದು ನಿಂತಿರುತ್ತಾರೆ, ಸತ್ತರೆ ಏನೇನು ಹೋಗುತ್ತದೆ, ಬಾಗಿಲು ಎಲ್ಲಿಂದ ತೆಗೆಯಬೇಕು ಅನ್ನುವುದನ್ನೆಲ್ಲ ಫ್ರಮ್‌ಸಾಫ್ಟ್‌ವೇರ್‌ನ ಹಿದೆತಾಕಾ ಮಿಯಾಜಾಕಿ ತಂಡ ಮಾಡಿಟ್ಟ ಹಾಗೇ ಬಿಟ್ಟರು. ಅದೇ ಫ್ರಮ್‌ಸಾಫ್ಟ್‌ವೇರ್‌ನ ಎಲ್ಡನ್ ರಿಂಗ್ ಮುಗಿಸಿ ಬಂದವರೂ ಇಲ್ಲಿ ಒದ್ದಾಡುವುದು ಇದಕ್ಕೇ. ಅಲ್ಲಿ ಕಷ್ಟ ಅನ್ನಿಸಿದರೆ ಕುದುರೆ ಹತ್ತಿ ಬೇರೆ ಕಡೆ ಹೋಗಬಹುದು. ಇಲ್ಲಿ ಲೆವೆಲ್‌ನ ಕೊನೆಯ ದೊಡ್ಡ ಶತ್ರು, ಅಂದರೆ ಬಾಸ್, ಸಾಯುವವರೆಗೆ ನಡುವೆ ಒಂದು ಚೆಕ್‌ಪಾಯಿಂಟೂ ಇಲ್ಲ, ಸತ್ತರೆ ಲೆವೆಲ್‌ನ ಶುರುವಿನಿಂದಲೇ.

ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಪರ್ಫಾರ್ಮೆನ್ಸ್ ಮೋಡ್ ಹಾಕಿ, 60 ಫ್ರೇಮ್ ಬರುತ್ತದೆ. ಸಿನಿಮ್ಯಾಟಿಕ್ ಮೋಡ್ 30 ಫ್ರೇಮ್. ಚಿತ್ರ ಸ್ವಲ್ಪ ಚೆನ್ನಾಗಿ ಕಾಣುತ್ತದೆ ಅಂತ ಅದನ್ನು ಇಟ್ಟುಕೊಂಡರೆ ಉರುಳಿ ತಪ್ಪಿಸಿಕೊಳ್ಳುವ ಟೈಮಿಂಗ್ ಕೈಗೆ ಸಿಗುವುದೇ ಇಲ್ಲ.

ಹತ್ತು ಕ್ಲಾಸ್, ಅಂದರೆ ಪಾತ್ರದ ಬಗೆಗಳು, ಇವೆ. ಮೊದಲ ಸಲ ಆಡುವವರು ರಾಯಲ್ಟಿ ತಗೊಳ್ಳಿ. ಲೆವೆಲ್ 1 ಅಂತ ನೋಡಿ ಜನ ಅದನ್ನು ಬಿಟ್ಟುಬಿಡುತ್ತಾರೆ, ಆದರೆ ಸೋಲ್ ಆರೋ ಮಂತ್ರ ಶುರುವಿನಿಂದಲೇ ಕೈಯಲ್ಲಿರುತ್ತದೆ, ಖಾಲಿಯಾದ ಎಂಪಿಯನ್ನು (ಮಂತ್ರ ಹಾಕಲು ಬೇಕಾದ ಶಕ್ತಿ) ನಿಧಾನಕ್ಕೆ ತುಂಬಿಸುವ ಫ್ರೇಗ್ರೆಂಟ್ ರಿಂಗ್ ಕೂಡ. ದೂರ ನಿಂತು ಹೊಡೆಯಿರಿ, ಎಂಪಿ ತುಂಬುವವರೆಗೆ ಕಾಯಿರಿ, ಮತ್ತೆ ಹೊಡೆಯಿರಿ. ಇದು ಮೋಸ ಅನ್ನುವವರೂ ಇದ್ದಾರೆ. ಅಂಥವರು ನೈಟ್ ತಗೊಂಡು ಗುರಾಣಿ ಹಿಡಿದು ಹೋಗಲಿ, ಬೇಡ ಅಂದವರು ಯಾರು.

ಟ್ಯುಟೋರಿಯಲ್ ಕೊನೆಗೆ ವ್ಯಾನ್‌ಗಾರ್ಡ್ ಅನ್ನುವ ದೈತ್ಯ ಕೊಡಲಿ ಎತ್ತಿಕೊಂಡು ಬರುತ್ತಾನೆ. ಸತ್ತರೆ ತಲೆ ಕೆಡಿಸಿಕೊಳ್ಳಬೇಡಿ. ಅವನನ್ನು ಗೆದ್ದರೂ ಮುಂದೆ ಡ್ರ್ಯಾಗನ್ ಗಾಡ್ ಒಂದೇ ಗುದ್ದಿಗೆ ನಿಮ್ಮನ್ನು ಮುಗಿಸುತ್ತಾನೆ. ಸತ್ತ ಮೇಲೇ ನೆಕ್ಸಸ್‌ಗೆ, ಅಂದರೆ ಎಲ್ಲ ಲೋಕಗಳಿಗೂ ದಾರಿ ಇರುವ ತಂಗುದಾಣಕ್ಕೆ, ಪ್ರವೇಶ.

ನಿಜವಾದ ಪರೀಕ್ಷೆ 1-1, ಅಂದರೆ ಬೊಲೆಟೇರಿಯಾ ಅರಮನೆಯ ಮೊದಲ ಭಾಗ. ಇದರ ಬಾಸ್ ಫೇಲ್ಯಾಂಕ್ಸ್ ಸಾಯುವವರೆಗೆ ನಿಮ್ಮ ಪಾತ್ರದ ಲೆವೆಲ್ ಏರಿಸೋಕೂ ಆಗುವುದಿಲ್ಲ, ಬೇರೆ ಲೋಕಗಳಿಗೆ ಒಯ್ಯುವ ಆರ್ಚ್‌ಸ್ಟೋನ್ ಕಲ್ಲುಗಳೂ ತೆರೆಯುವುದಿಲ್ಲ. ಸೋನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಶುಹೇಯಿ ಯೋಶಿದಾ ಮೂಲ ಗೇಮನ್ನು ಸುಮಾರು ಎರಡು ಗಂಟೆ ಆಡಿ, ಶುರುವಿನ ಭಾಗವನ್ನೇ ದಾಟಲಾಗದೆ, ಇದೆಂಥ ಕೆಟ್ಟ ಗೇಮ್ ಅಂತ ಪಕ್ಕಕ್ಕಿಟ್ಟಿದ್ದರು. ಇದನ್ನು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಹಾಗಾಗಿ ಇಲ್ಲಿ ಸಿಕ್ಕಿಹಾಕಿಕೊಂಡರೆ ನಿಮಗೆ ಒಳ್ಳೇ ಜೊತೆಯೇ ಇದೆ.

ಲೆವೆಲ್ ಶುರುವಾದಾಗ ಎದುರಿಗೇ ದೊಡ್ಡ ಹೆಬ್ಬಾಗಿಲು ಕಾಣುತ್ತದೆ, ಮುಚ್ಚಿರುತ್ತದೆ. ನಿಮ್ಮ ಕೆಲಸ ಇಷ್ಟೇ: ಗೋಡೆ ಹತ್ತಿ, ಸುತ್ತಿ ಬಂದು, ಒಳಗಿನಿಂದ ಸನ್ನೆ ಎಳೆದು ಆ ಬಾಗಿಲು ತೆಗೆಯುವುದು. ಒಂದು ಸಲ ತೆಗೆದರೆ ಬಾಸ್ ಹತ್ತಿರಕ್ಕೆ ನೇರ ದಾರಿ, ಆಮೇಲೆ ಎಷ್ಟು ಸಲ ಸತ್ತರೂ ಮತ್ತೆ ಅಲ್ಲಿಗೆ ಓಡೋಕೆ ಜಾಸ್ತಿ ಹೊತ್ತು ಬೇಡ. ಮೆಟ್ಟಿಲು ಹತ್ತುವಾಗ ಮೇಲಿನಿಂದ ಗುಂಡು ಉರುಳಿಸುತ್ತಾರೆ, ನೋಡಿಕೊಳ್ಳಿ. ಕೆಂಪು ಕಣ್ಣಿನ ನೈಟ್ ಕಂಡರೆ ಸುಮ್ನೆ ವಾಪಸ್ ಬನ್ನಿ, ಅವನು ಈಗ ನಿಮ್ಮ ಕೈಲಾಗುವವನಲ್ಲ. ದಾರಿಯಲ್ಲಿ ಸಿಗುವ ಫೈರ್‌ಬಾಂಬ್ ಮತ್ತು ಆಯುಧಕ್ಕೆ ಬೆಂಕಿ ಹತ್ತಿಸುವ ಟರ್ಪಂಟೈನ್‌ಗಳನ್ನು ಚಿಲ್ಲರೆ ಸೈನಿಕರ ಮೇಲೆ ಖರ್ಚು ಮಾಡಬೇಡಿ. ಅವೆಲ್ಲ ಬೇಕಾಗುವುದು ಬಾಗಿಲಿನಾಚೆ.

ಫೇಲ್ಯಾಂಕ್ಸ್ ಅಂದರೆ ಕಪ್ಪು ಲೋಳೆಯ ಒಂದು ದೊಡ್ಡ ಮುದ್ದೆ. ಮೈತುಂಬ ಗುರಾಣಿ ಹಿಡಿದ ಸಣ್ಣ ಮುದ್ದೆಗಳು ಅಂಟಿಕೊಂಡಿರುತ್ತವೆ, ಅವು ಗುರಾಣಿ ಸಂದಿಯಿಂದ ಈಟಿ ಎಸೆಯುತ್ತವೆ. ಹತ್ತಿರ ಹೋಗಿ ಕತ್ತಿ ಬೀಸಿದರೆ ಗುರಾಣಿಗೆ ಬಡಿದು ಠಣ್ ಅನ್ನುತ್ತದೆ ಅಷ್ಟೇ. ಇವಕ್ಕೆ ಬೆಂಕಿ ಅಂದರೆ ಆಗುವುದಿಲ್ಲ. ದೂರದಿಂದ ಫೈರ್‌ಬಾಂಬ್ ಎಸೆಯುತ್ತಾ ಸುತ್ತ ಓಡಿ, ಸಣ್ಣವು ಉದುರುತ್ತಾ ಹೋಗಿ ಒಂದು ಪಕ್ಕ ಬೋಳಾದಾಗ ಆಯುಧಕ್ಕೆ ಟರ್ಪಂಟೈನ್ ಸವರಿಕೊಂಡು ನುಗ್ಗಿ ಅದೇ ಪಕ್ಕಕ್ಕೆ ಹೊಡೆಯಿರಿ. ಬಾಂಬ್ ಮುಗಿದರೆ ಸೋಲ್ ಆರೋ ಇದೆ. ಆತುರಪಡದಿದ್ದರೆ ಇಡೀ ಗೇಮ್‌ನ ಸುಲಭದ ಬಾಸ್ ಇದೇ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಸತ್ತ ಮೇಲೆ ನೀವು ಸೋಲ್ ಫಾರ್ಮ್‌ನಲ್ಲಿ, ಅಂದರೆ ದೇಹವಿಲ್ಲದ ಆತ್ಮರೂಪದಲ್ಲಿ, ಇರುತ್ತೀರಿ, ಆರೋಗ್ಯದ ಪಟ್ಟಿ ಅರ್ಧಕ್ಕೆ ಇಳಿದಿರುತ್ತದೆ. ಅದು ಶಿಕ್ಷೆ ಅನ್ನಿಸಿ, ಸ್ಟೋನ್ ಆಫ್ ಎಫೆಮರಲ್ ಐಸ್ ಬಳಸಿ ಪ್ರತಿ ಸಲ ಬಾಡಿ ಫಾರ್ಮ್‌ಗೆ ಮರಳುವವರು ಬಹಳ. ಹಾಗೆ ಮಾಡಬೇಡಿ. ಬಾಡಿ ಫಾರ್ಮ್‌ನಲ್ಲಿ ಸತ್ತಾಗಲೆಲ್ಲ ಆ ಲೋಕದ ಟೆಂಡೆನ್ಸಿ, ಅಂದರೆ ಅದರ ಒಳಿತು-ಕೆಡುಕಿನ ಬಣ್ಣ, ಕಪ್ಪಿನ ಕಡೆ ಜಾರುತ್ತದೆ, ಕಪ್ಪಾದಷ್ಟೂ ಶತ್ರುಗಳು ಗಟ್ಟಿಯಾಗುತ್ತಾರೆ, ಗಟ್ಟಿಯಾದ ಶತ್ರುಗಳ ಕೈಯಲ್ಲಿ ನೀವು ಮತ್ತೆ ಸಾಯುತ್ತೀರಿ. ಕಲಿಯುತ್ತಿರುವವನಿಗೇ ಗೇಮ್ ಕಷ್ಟವಾಗುತ್ತಾ ಹೋಗುತ್ತದೆ, ಇದನ್ನು ಸರಿಯಾಗಿ ಬಿಡಿಸಿ ಹೇಳುವುದೂ ಇಲ್ಲ. ನನ್ನ ಪ್ರಕಾರ ರೀಮೇಕ್‌ನವರು ಧೈರ್ಯ ಮಾಡಿ ಬದಲಾಯಿಸಬೇಕಿದ್ದ ನಿಯಮ ಇದೊಂದೇ.

ಹಾಗಾಗಿ ಸೋಲ್ ಫಾರ್ಮ್‌ನಲ್ಲೇ ಆಡಿ, ಅದರಲ್ಲಿ ಎಷ್ಟು ಸತ್ತರೂ ಟೆಂಡೆನ್ಸಿ ಕದಲುವುದಿಲ್ಲ. 1-1ರಲ್ಲೇ ಕ್ಲಿಂಗ್ ರಿಂಗ್ ಸಿಗುತ್ತದೆ, ಹಾಕಿಕೊಂಡರೆ ಅರ್ಧ ಇದ್ದ ಆರೋಗ್ಯ 75 ಶೇಕಡಕ್ಕೆ ಏರುತ್ತದೆ. ಬಹಳ ದಿನ ಅದನ್ನು ಬೆರಳಿನಿಂದ ತೆಗೆಯುವ ಮಾತೇ ಇಲ್ಲ. ಬಾಸ್ ಕೊಂದಾಗ ಲೋಕ ಬಿಳಿಯ ಕಡೆ ಹೋಗುತ್ತದೆ, ಜೊತೆಗೆ ನಿಮಗೆ ದೇಹವೂ ವಾಪಸ್ ಬರುತ್ತದೆ. ಬೇಡದ ಉಡುಗೊರೆ ಅದು. ನೆಕ್ಸಸ್‌ಗೆ ಹೋಗಿ, ಶತ್ರುಗಳನ್ನು ಕೊಂದು ಗಳಿಸಿದ, ಸತ್ತರೆ ಕೈಬಿಟ್ಟು ಹೋಗುವ ಸೋಲ್‌ಗಳನ್ನೆಲ್ಲ ಮೇಡನ್ ಇನ್ ಬ್ಲ್ಯಾಕ್ ಹತ್ತಿರ ಲೆವೆಲ್‌ಗೆ ಹಾಕಿ, ಮೆಟ್ಟಿಲು ಹತ್ತಿ ಮೇಲಿಂದ ಕೆಳಕ್ಕೆ ಹಾರಿ ಸಾಯಿರಿ. ನೆಕ್ಸಸ್‌ನಲ್ಲಿ ಸತ್ತರೆ ಯಾವ ಲೋಕವೂ ಕಪ್ಪಾಗುವುದಿಲ್ಲ. ವಿಚಿತ್ರ ಅನ್ನಿಸಬಹುದು, ಆದರೆ ಹಳೇ ಆಟಗಾರರೆಲ್ಲ ಮಾಡುವುದು ಇದನ್ನೇ.

ಫೇಲ್ಯಾಂಕ್ಸ್ ಆದ ಮೇಲೆ 1-2ಕ್ಕೆ ಓಡಬೇಡಿ. ಅಲ್ಲಿ ಸೇತುವೆ ಉದ್ದಕ್ಕೂ ಡ್ರ್ಯಾಗನ್ ಬೆಂಕಿ ಉಗುಳುತ್ತದೆ, ಕೊನೆಗೆ ಟವರ್ ನೈಟ್ ನಿಂತಿರುತ್ತಾನೆ. ಮೊದಲು ಸ್ಟೋನ್‌ಫ್ಯಾಂಗ್ ಗಣಿ, 2-1. ಅಲ್ಲಿ ಎಡ್ ಅನ್ನುವ ಕಮ್ಮಾರ ಇದ್ದಾನೆ, ಆಯುಧ ಗಟ್ಟಿ ಮಾಡುವ ಕಲ್ಲುಗಳೂ ಅಲ್ಲೇ ಜಾಸ್ತಿ. ಗಣಿ ಕೆಲಸಗಾರರ ಚರ್ಮಕ್ಕೆ ಕತ್ತಿ ನಾಟುವುದಿಲ್ಲ, ಈಟಿ ಅಥವಾ ಮಂತ್ರ ಬಳಸಿ. ಆಮೇಲೆ 4-1ಕ್ಕೆ ಒಂದು ಸಲ ಹೋಗಿ ಕ್ರೆಸೆಂಟ್ ಫಾಲ್ಶನ್ ಎತ್ತಿಕೊಂಡು ಬನ್ನಿ. ಮಂತ್ರದ ಹೊಡೆತ ಕೊಡುವ ಕತ್ತಿ, ಎಂಪಿಯನ್ನೂ ತುಂಬಿಸುತ್ತದೆ, ರಾಯಲ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ಅಲ್ಲಿನ ಅಸ್ಥಿಪಂಜರಗಳು ಉರುಳಿಕೊಂಡು ಬಂದು ಎರಡೇ ಏಟಿಗೆ ಕೊಲ್ಲುತ್ತವೆ, ಆದ್ದರಿಂದ ಜೇಬಿನಲ್ಲಿ ಸೋಲ್ ಇಟ್ಟುಕೊಂಡು ಹೋಗಬೇಡಿ.

ಮೂಲ ಗೇಮ್‌ನಲ್ಲಿ ಗಾಯ ವಾಸಿ ಮಾಡುವ ಹುಲ್ಲನ್ನು ಒಂದೊಂದು ಜಾತಿಯದ್ದು 99ರವರೆಗೆ ತುಂಬಿಕೊಳ್ಳಬಹುದಿತ್ತು, ತೂಕವೂ ಇರಲಿಲ್ಲ. ರೀಮೇಕ್‌ನಲ್ಲಿ ತೂಕವೂ ಬಂದಿದೆ, ಮಿತಿಯೂ ಬಂದಿದೆ. ಹೆಚ್ಚಾದದ್ದನ್ನು ಇದ್ದಲ್ಲಿಂದಲೇ ಸ್ಟೋರೇಜ್‌ಗೆ ಕಳಿಸಬಹುದು, ನೆಕ್ಸಸ್‌ನಲ್ಲಿ ಸಾಮಾನು ಇಟ್ಟುಕೊಳ್ಳುವ ಥಾಮಸ್ ಹತ್ತಿರ ಓಡಾಡುವುದು ತಪ್ಪಿತು. ಇನ್ನೊಂದು ಉಪಾಯ: ಮೆನು ತೆರೆದರೂ ಗೇಮ್ ನಿಲ್ಲುವುದಿಲ್ಲ, ಆದರೆ ಫೋಟೋ ಮೋಡ್ ಹಾಕಿದರೆ ನಿಲ್ಲುತ್ತದೆ. ಬಾಗಿಲು ಬಡಿದರೆ, ಅಮ್ಮ ಊಟಕ್ಕೆ ಕರೆದರೆ ಅದೇ ಗತಿ.

ಮೂರನೇ ಲೋಕ ಲಾಟ್ರಿಯಾಕ್ಕೆ ಹೋದಾಗ ಜೈಲಿನಲ್ಲಿರುವ ಸೇಜ್ ಫ್ರೀಕ್‌ನನ್ನು ತಪ್ಪದೆ ಬಿಡಿಸಿ, ಒಳ್ಳೇ ಮಂತ್ರಗಳನ್ನು ಕಲಿಸುವವನು ಅವನೇ. ಆದರೆ 3-2ರಲ್ಲಿ ನೇತಾಡುವ ಪಂಜರದೊಳಗಿಂದ ಬಿಡಿಸು ಅನ್ನುವ ಯುರ್ಟ್‌ನನ್ನು ನಂಬಬೇಡಿ. ಬಿಡಿಸಿ ಹಾಗೇ ಹೋಗಲು ಬಿಟ್ಟರೆ ನೆಕ್ಸಸ್‌ಗೆ ಬಂದು ಸೇರಿಕೊಂಡು ಅಲ್ಲಿರುವವರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಾ ಹೋಗುತ್ತಾನೆ, ಸತ್ತವರು ಆ ಆಟದಲ್ಲಿ ಮತ್ತೆ ಎದ್ದು ಬರುವುದಿಲ್ಲ. ಪಂಜರ ಮುಟ್ಟಲೇಬೇಡಿ. ಬಿಡಿಸಿಯಾಗಿದ್ದರೆ ಅಲ್ಲೇ ಮುಗಿಸಿಬಿಡಿ.