ಮೋಟರು ಮನೆಯಲ್ಲಿ ಮೋಟರು ಮಾತ್ರ ಇರಲಿ: ಡೀಸೆಲ್, ಔಷಧಿಯಿಂದ ಬೋರ್‌ ನೀರು ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಮೋಟರು ಮನೆಯ ಬಾಗಿಲು ತೆಗೆದರೆ ಸಾಮಾನ್ಯವಾಗಿ ಕಾಣುವುದು ಇದು: ಸ್ಟಾರ್ಟರ್ ಪೆಟ್ಟಿಗೆಯ ಕೆಳಗೆ ಪವರ್ ಟಿಲ್ಲರ್‌ಗೆಂದು ತಂದಿಟ್ಟ ಡೀಸೆಲ್ ಕ್ಯಾನು, ಮೂಲೆಯಲ್ಲಿ ಅರ್ಧ ಉಳಿದ ಕಳೆನಾಶಕ, ಕಿಟಕಿಯ ಮೇಲೆ ಮುಚ್ಚಳ ಬಿರಿದ ಕೀಟನಾಶಕದ ಬಾಟಲಿ, ಪಕ್ಕದಲ್ಲಿ ಎಂಜಿನ್‌ನಿಂದ ಇಳಿಸಿದ ಕರಿ ಆಯಿಲ್. ನಾಲ್ಕು ಹೆಜ್ಜೆ ಆಚೆಗೆ ಬೋರ್‌ವೆಲ್. ಬೀಗ ಹಾಕಬಹುದು, ಮಳೆಗೆ ನೆನೆಯುವುದಿಲ್ಲ ಎಂದು ಎಲ್ಲವನ್ನೂ ಅಲ್ಲೇ ತುಂಬುತ್ತೇವೆ. ಹೀಗೆ ಕುಡಿಯುವ ನೀರಿನ ಮಗ್ಗುಲಲ್ಲೇ ವಿಷ ಇಟ್ಟುಕೊಂಡಂತಾಗಿದೆ. ಮೊದಲು ಆಗಬೇಕಾದ ಕೆಲಸ ಅದನ್ನು ಅಲ್ಲಿಂದ ತೆಗೆಯುವುದು.

ನಮ್ಮ ನೆಲದ ಸ್ವಭಾವವೇ ಇದಕ್ಕೆ ಕಾರಣ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಪುಡಿಯಾಗುತ್ತಿರುವ ಕಲ್ಲು, ಇನ್ನೂ ಕೆಳಗೆ ಗಟ್ಟಿ ಬಂಡೆ. ನೀರು ಇರುವುದು ಆ ಬಂಡೆಯ ಬಿರುಕುಗಳಲ್ಲಿ. ಮೇಲೆ ಚೆಲ್ಲಿದ್ದು ಒಮ್ಮೆ ಬಿರುಕು ಸೇರಿತೆಂದರೆ ಸೋಸುವುದಕ್ಕೆ ಅಲ್ಲಿ ಮಣ್ಣಿಲ್ಲ. ಯಾವ ಬಿರುಕಿನಿಂದ ಯಾರ ಬೋರ್‌ಗೆ ಹೋಯಿತೆಂದು ಹೇಳುವುದೂ ಕಷ್ಟ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಅಂತರ್ಜಲ ಮೇಲಕ್ಕೇ ಬಂದಿರುತ್ತದೆ. ಆಗ ವಿಷ ಇಳಿಯಬೇಕಾದ ದೂರ ಇನ್ನೂ ಕಡಿಮೆ. ಡೀಸೆಲ್ ನೀರಿಗಿಂತ ಹಗುರ, ಅಂತರ್ಜಲದ ಮೇಲೆ ಪದರವಾಗಿ ತೇಲುತ್ತಾ ಕಲ್ಲುಮಣ್ಣಿಗೆ ಅಂಟಿಕೊಂಡು ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ನೀರಿಗೆ ಬಿಡುತ್ತದೆ. ಕೆಟ್ಟ ಮೇಲೆ ಸರಿಪಡಿಸುವುದು ರೈತನ ಕೈಯಲ್ಲಿ ಆಗುವ ಕೆಲಸವಲ್ಲ. ಕೆಡದಂತೆ ತಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ.

ಜಾಗ ಆರಿಸಿ

ಬೋರ್, ತೆರೆದ ಬಾವಿ, ಕಾಲುವೆಯಿಂದ ಕನಿಷ್ಠ 100 ಅಡಿ ದೂರದಲ್ಲಿ, ಇಳಿಜಾರಿದ್ದರೆ ಬೋರ್‌ಗಿಂತ ತಗ್ಗಿನ ಕಡೆ, ಇವನ್ನೆಲ್ಲ ಇಡಲು ಒಂದು ಸಣ್ಣ ಶೆಡ್ಡಿಗೆ ಜಾಗ ನೋಡಿ. ಮಳೆನೀರು ಶೆಡ್ಡಿನಿಂದ ಬೋರ್ ಕಡೆಗೆ ಹರಿಯುವಂತಿರಬಾರದು. ಕೊಟ್ಟಿಗೆ, ಮೇವು, ಬಿತ್ತನೆ ಬೀಜದ ಜತೆ ಬೇಡ. ಆಲೆಮನೆಯವರಾದರೆ ಒಲೆಯಿಂದಲೂ ದೂರವಿರಲಿ. ನೆಲಕ್ಕೆ ಬಿರುಕಿಲ್ಲದ ಗಾರೆ, ಮೇಲೆ ಶೀಟು, ಬಾಗಿಲಿಗೆ ಬೀಗ, ಗಾಳಿಯಾಡಲು ಜಾಲರಿ. ಇಷ್ಟಿದ್ದರೆ ಸಾಕು.

ಡ್ರಮ್ಮಿಗೆ ತೊಟ್ಟಿ ಕಟ್ಟಿ

ಡೀಸೆಲ್ ಡ್ರಮ್ಮು ತೂತಾದರೆ ಅದರಲ್ಲಿರುವುದೆಲ್ಲ ನಿಲ್ಲುವಷ್ಟು ತೊಟ್ಟಿ ಸುತ್ತ ಇರಬೇಕು. ಅತಿ ದೊಡ್ಡ ಡ್ರಮ್ಮಿನ ಅಳತೆಗಿಂತ ಶೇ 10ರಷ್ಟು ಹೆಚ್ಚು ಹಿಡಿಯಬೇಕು ಎಂಬುದು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. 200 ಲೀಟರ್ ಡ್ರಮ್ಮಿಗೆ 220 ಲೀಟರ್ ಆಯಿತು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಎಂಟು ಅಂಗುಲ ಎತ್ತರದ ತೊಟ್ಟಿ ಸುಮಾರು 300 ಲೀಟರ್ ಹಿಡಿಯುತ್ತದೆ. ಸಿಮೆಂಟ್ ಬ್ಲಾಕ್ ಒಂದು ವರಸೆ ಇಟ್ಟು ಒಳಗೆ ಗಾರೆ ಮಾಡಿಸಿದರೆ ಮುಗಿಯಿತು. ಗಾರೆಯವರು ಅಭ್ಯಾಸಬಲದಿಂದ ನೀರು ಹೋಗಲೆಂದು ತೂತು ಬಿಡುತ್ತಾರೆ. ಬಿಡಬೇಡಿ ಎಂದು ನಿಂತು ಹೇಳಿ. ಮೇಲೆ ಚಾವಣಿ ಇಲ್ಲದಿದ್ದರೆ ತೊಟ್ಟಿಯಲ್ಲಿ ಮಳೆನೀರೇ ತುಂಬಿರುತ್ತದೆ, ಡೀಸೆಲ್‌ಗೆ ಜಾಗ ಉಳಿಯುವುದಿಲ್ಲ.

ಡ್ರಮ್ಮನ್ನು ನೆಲಕ್ಕೆ ತಾಗಿಸದೆ ಮರದ ತುಂಡುಗಳ ಮೇಲೆ ನಿಲ್ಲಿಸಿ. ತಳ ತುಕ್ಕು ಹಿಡಿದರೆ ಕಣ್ಣಿಗೆ ಬೀಳಬೇಕು. ನಲ್ಲಿಯಿಂದ ಸೆಕೆಂಡಿಗೆ ಒಂದು ಹನಿ ಸೋರಿದರೆ ದಿನಕ್ಕೆ ಸುಮಾರು 4 ಲೀಟರ್ ಡೀಸೆಲ್ ನೆಲಕ್ಕೆ ಹೋಗುತ್ತದೆ. ದುಡ್ಡಿನ ಲೆಕ್ಕದಲ್ಲೂ ಸಣ್ಣದಲ್ಲ. ತುಂಬುವಾಗ ಆಲಿಕೆ ಬಳಸಿ, ಕೆಳಗೆ ಒಂದು ಬಾಂಡ್ಲಿ ಇಡಿ. ಸ್ವಂತಕ್ಕೆ ಇಟ್ಟುಕೊಳ್ಳುವ ಡೀಸೆಲ್‌ಗೆ 2,500 ಲೀಟರ್‌ವರೆಗೆ ಲೈಸೆನ್ಸ್ ಬೇಕಿಲ್ಲ, ಪೆಟ್ರೋಲಿಗೆ ಆ ಮಿತಿ 30 ಲೀಟರ್ ಮಾತ್ರ. ಕಾನೂನು ಬಿಡುತ್ತದೆಂದು ಅಷ್ಟು ತಂದಿಡುವ ಅಗತ್ಯವೇನೂ ಇಲ್ಲ. ಒಂದು ವಾರದ ಕೆಲಸಕ್ಕೆ ಆಗುವಷ್ಟಿದ್ದರೆ ಸಾಕು.

ಔಷಧಿಯನ್ನು ಜೋಡಿಸುವ ಕ್ರಮ

ಪುಡಿ ಮೇಲಿನ ಹಲಗೆಯಲ್ಲಿ, ದ್ರವ ಕೆಳಗಿನದರಲ್ಲಿ. ಬಾಟಲಿ ಸೋರಿದರೂ ಪುಡಿಯ ಪೊಟ್ಟಣ ಹಾಳಾಗುವುದಿಲ್ಲ. ಕೆಂಪು ತ್ರಿಕೋನದ ಗುರುತಿರುವುದು ಅತಿ ವಿಷಕಾರಿ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೆಂದ ಮಾತ್ರಕ್ಕೆ ನೀರಿಗೆ ನಿರಪಾಯ ಎಂದು ತಿಳಿಯಬೇಡಿ. ತಂದ ಬಾಟಲಿಯಲ್ಲೇ ಇರಲಿ, ನೀರಿನ ಬಾಟಲಿಗೆ ಬಗ್ಗಿಸಿಡುವುದು ಮಕ್ಕಳ ಪ್ರಾಣಕ್ಕೇ ಕುತ್ತು. ಬೆಲ್ಲ ಮಾಡುವವರು ಬಣ್ಣ ತಿಳಿಯಾಗಲೆಂದು ತರುವ ಹೈಡ್ರೋಸ್ ಪುಡಿಗೆ ತೇವ ತಗುಲಿದರೆ ಕಾವು ಏರಿ ಹೊತ್ತಿಕೊಳ್ಳಬಹುದು, ಅದನ್ನು ಒಣ ಜಾಗದಲ್ಲಿ, ಡೀಸೆಲ್‌ನಿಂದ ದೂರ ಇಡಿ. ಯೂರಿಯಾ ಮೂಟೆಗಳಿಗೂ ಹಲಗೆ ಹಾಕಿ. ಅದು ಕರಗಿ ಇಳಿದರೆ ನೀರಿನಲ್ಲಿ ನೈಟ್ರೇಟ್ ಏರುತ್ತದೆ. ಕುಡಿಯುವ ನೀರಿಗೆ ಇರುವ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಬೆರೆಸುವ ಹೊತ್ತೇ ಅಪಾಯದ ಹೊತ್ತು

ಸಿಂಪರಣೆಗೆ ನೀರು ಬೇಕು, ಹಾಗಾಗಿ ಬೋರ್ ಬಾಯಲ್ಲೇ ಡ್ರಮ್ಮು ಇಟ್ಟು ಔಷಧಿ ಬೆರೆಸುತ್ತಾರೆ. ಪೈಪಿನ ತುದಿ ಡ್ರಮ್ಮಿನೊಳಗೆ ಮುಳುಗಿರುತ್ತದೆ. ಅದೇ ಹೊತ್ತಿಗೆ ತ್ರೀ ಫೇಸ್ ಕರೆಂಟು ಹೋಗುತ್ತದೆ. ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವು ಸವೆದಿದ್ದರೆ, ಮೋಟರು ನಿಂತ ಕೂಡಲೇ ಪೈಪಿನಲ್ಲಿದ್ದ ನೀರು ಕೆಳಕ್ಕೆ ಜಾರುತ್ತದೆ, ಡ್ರಮ್ಮಿನ ಔಷಧಿಯನ್ನೂ ಎಳೆದುಕೊಂಡು ನೇರವಾಗಿ ಬೋರ್‌ಗೆ ಇಳಿಸುತ್ತದೆ. ಮಣ್ಣು ಸೋಸುವ ಮಾತೇ ಇಲ್ಲಿಲ್ಲ. ಮೇಲೆ ನಿಂತವರಿಗೆ ಗೊತ್ತೂ ಆಗುವುದಿಲ್ಲ.

ತಡೆಯುವುದು ಸುಲಭ. ಪೈಪಿನ ತುದಿ ನೀರಿನ ಮಟ್ಟದಿಂದ ಒಂದು ಗೇಣು ಮೇಲಿರಲಿ. ಹೊರಗಿನ ಪೈಪಿಗೂ ಅಂಥದೇ ಒಂದು ವಾಲ್ವು (ನಾನ್ ರಿಟರ್ನ್ ವಾಲ್ವು) ಕೂರಿಸಿ. ಇನ್ನೂ ಒಳ್ಳೆಯದೆಂದರೆ ನೀರನ್ನು ಗದ್ದೆಗೆ ಒಯ್ದು ಅಲ್ಲೇ ಬೆರೆಸುವುದು.

ಬೋರ್ ಬಾಯನ್ನೂ ಒಮ್ಮೆ ನೋಡಿ. ಕೇಸಿಂಗ್ ಪೈಪು ನೆಲಮಟ್ಟಕ್ಕಿಂತ ಒಂದೆರಡು ಅಡಿ ಮೇಲಿರಬೇಕು. ಸುತ್ತ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಕಟ್ಟೆ, ಬಾಯಿಗೆ ಮುಚ್ಚಳ ಬೇಕು. ನೀರು ಬರದೆ ಬಿಟ್ಟ ಬೋರ್‌ಗಳನ್ನು ಮುಚ್ಚಿಸಿ. ಮಗು ಬೀಳುವ ಭಯ ಒಂದಾದರೆ, ಹೊಲದ ಕೊಳೆಯೆಲ್ಲ ಅಂತರ್ಜಲಕ್ಕೆ ಇಳಿಯುವ ನೇರ ದಾರಿಯೂ ಅದೇ.

ಖಾಲಿ ಡಬ್ಬ, ಕರಿ ಆಯಿಲ್

ಡಬ್ಬ ಖಾಲಿಯಾದಾಗ ಕಾಲು ಭಾಗ ನೀರು ಹಾಕಿ, ಮುಚ್ಚಿ, ಅರ್ಧ ನಿಮಿಷ ಕುಲುಕಿ, ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ಹಣ ಕೊಟ್ಟು ತಂದ ಔಷಧಿ ಪೈರಿಗೇ ಹೋಗುತ್ತದೆ, ನಾಲೆಯಲ್ಲಿ ತೊಳೆಯುವ ಅಗತ್ಯವೇ ಬೀಳುವುದಿಲ್ಲ. ಆಮೇಲೆ ಡಬ್ಬಕ್ಕೆ ತೂತು ಹೊಡೆದು ಬೀಗದ ಶೆಡ್ಡಿನಲ್ಲೇ ಚೀಲದಲ್ಲಿ ಕೂಡಿಡಿ. ಎಲ್ಲಿಗೆ ಒಪ್ಪಿಸಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಸುಡಬೇಡಿ.

ಕರಿ ಆಯಿಲನ್ನು ಗೆದ್ದಲು ಹತ್ತಬಾರದೆಂದು ಕಂಬದ ಬುಡಕ್ಕೆ ಸುರಿಯುವ ರೂಢಿ ಬಹಳ ಕಡೆ ಇದೆ. ಎಂಜಿನ್ ಸವೆದು ಬಂದ ಲೋಹಗಳೂ ಅದರ ಜತೆ ಮಣ್ಣು ಸೇರುತ್ತವೆ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಪರವಾನಗಿ ಇರುವ ಮರುಸಂಸ್ಕರಣೆಯವರಿಗೆ ಕಳಿಸುವ ಸರ್ವೀಸ್ ಸೆಂಟರಿಗೆ ಕೊಡಿ.

ಚೆಲ್ಲಿಹೋದರೆ

ನೀರು ಹಾಕಿ ತೊಳೆಯಬೇಡಿ, ತೊಳೆದರೆ ಇನ್ನೂ ಆಳಕ್ಕೆ ಇಳಿಯುತ್ತದೆ. ಬೀಡಿ, ಬೆಂಕಿ ದೂರವಿರಲಿ. ಸೋರುವುದನ್ನು ನಿಲ್ಲಿಸಿ, ಸುತ್ತ ಮಣ್ಣಿನ ಬದು ಹಾಕಿ, ಒಣ ಮಣ್ಣು ಅಥವಾ ಮರಳು ಸುರಿದು ಹೀರಿಸಿ. ಇದಕ್ಕೆಂದೇ ಶೆಡ್ಡಿನಲ್ಲಿ ಎರಡು ಚೀಲ ಮರಳು, ಒಂದು ಸಲಿಕೆ ಸದಾ ಇರಲಿ. ವಾಸನೆ ಬರುವಷ್ಟು ಆಳದ ಮಣ್ಣನ್ನು ಅಗೆದು ಟಾರ್ಪಾಲಿನ ಮೇಲೆ ಹಾಕಿ ಮಳೆಗೆ ಸಿಗದಂತೆ ಮುಚ್ಚಿ. ಸ್ವಲ್ಪ ಡೀಸೆಲ್ ಮಾತ್ರವಾದರೆ, ಆ ಮಣ್ಣನ್ನು ಟಾರ್ಪಾಲಿನ ಮೇಲೆಯೇ ತೆಳ್ಳಗೆ ಹರಡಿ ಗೊಬ್ಬರ ಬೆರೆಸಿ ಆಗಾಗ ತಿರುವುತ್ತಿದ್ದರೆ ಸೂಕ್ಷ್ಮಾಣುಗಳು ತಿಂಗಳುಗಳಲ್ಲಿ ಅದನ್ನು ಕರಗಿಸುತ್ತವೆ. ಕೀಟನಾಶಕ ಬಿದ್ದ ಮಣ್ಣಿಗೆ ಈ ಉಪಾಯ ಬೇಡ, ಕೃಷಿ ಇಲಾಖೆಗೆ ತಿಳಿಸಿ.

ಬೋರ್ ನೀರಿಗೇ ಡೀಸೆಲ್ ವಾಸನೆ ಬಂದರೆ ಕುಡಿಯುವುದು, ಅಡುಗೆಗೆ ಬಳಸುವುದು ಅವತ್ತೇ ನಿಲ್ಲಿಸಿ. ಕುದಿಸಿದರೆ ಸರಿಹೋಗುವ ದೋಷ ಇದಲ್ಲ. ಪಂಚಾಯಿತಿಗೂ ಅಕ್ಕಪಕ್ಕದ ಬೋರಿನವರಿಗೂ ತಿಳಿಸಿ. ಹಳ್ಳಿಯಲ್ಲಿ ನೀರು ಪರೀಕ್ಷಿಸುವ ಕಿಟ್‌ನಲ್ಲಿ ಡೀಸೆಲ್, ಕೀಟನಾಶಕ ಗೊತ್ತಾಗುವುದಿಲ್ಲ, ಪ್ರಯೋಗಾಲಯಕ್ಕೇ ಹೋಗಬೇಕು. ಅಲ್ಲಿ ಮೊದಲು ಕೇಳಿ, ಅವರು ಕೊಡುವ ಗಾಜಿನ ಬಾಟಲಿಯಲ್ಲೇ ನೀರು ಹಿಡಿಯಿರಿ. ಪ್ಲಾಸ್ಟಿಕ್ ಬಾಟಲಿ ಎಣ್ಣೆಯ ಅಂಶವನ್ನು ಹೀರಿಕೊಂಡು ಫಲಿತಾಂಶ ತಪ್ಪಿಸಬಹುದು. ಡೀಸೆಲ್ ಪರೀಕ್ಷೆಗಾದರೆ ಒಳಗೆ ಗಾಳಿ ಉಳಿಯದಂತೆ ಕಂಠಪೂರ್ತಿ ತುಂಬಿ, ಮಂಜುಗಡ್ಡೆ ಹಾಕಿದ ಡಬ್ಬದಲ್ಲಿಟ್ಟು ಅದೇ ದಿನ ತಲುಪಿಸಿ. ಏನು ಚೆಲ್ಲಿತ್ತು, ಯಾವ ಔಷಧಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ, ಏನನ್ನು ಹುಡುಕಬೇಕೆಂದು ಅವರಿಗೆ ಗೊತ್ತಾಗುವುದು ಅದರಿಂದಲೇ.